ಮೇಲಿನ ಚಿಟಿಕೆ

ಫೆಬ್ರವರಿ 3, 2025. ಸೋಮವಾರ

ಒಂದು ವರ್ಷದಿಂದ ಈ ಪುಸ್ತಕ ಮುಟ್ಟಿರಲಿಲ್ಲ. ಬಳೇಪೇಟೆಯ ನನ್ನ ಚಿನ್ನ ಪರೀಕ್ಷೆಯ ಕೋಣೆಗೆ ಬೀಗ ಹಾಕಿದ ಮೇಲೆ ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಇವತ್ತು ನಡೆಯಿತು. ಹೆಂಡತಿ ಆಂಡಾಳ್‌ಗೆ ಹೇಳುವಂತಿಲ್ಲ, ಮಗಳಿಗಂತೂ ಹೇಳಲೇಬಾರದು. ಹಾಗಾಗಿ ಇಲ್ಲಿ.

ಮಗಳು ಆರಾಧನಾ ಕೆಲಸ ಮಾಡುವ ಕಂಪನಿಯ ಮಾಲೀಕರು ಅನಿಲ್ ಕುಮಾರ್. ಅವರು ನನ್ನನ್ನು ಗಾಂಧಿ ಬಜಾರಿನ ಒಂದು ಹೋಟೆಲಿಗೆ ಕರೆಸಿಕೊಂಡಿದ್ದರು. ಕುಣಿಗಲ್ ಕಡೆಯ ಬೇಸಾಯದ ಮನೆತನ, ತಂದೆಯ ಕಾಲಕ್ಕೆ ಸೈಟು ಮಾರಾಟಕ್ಕೆ ಇಳಿದವರು. ಮಗ ಈಗ ಬ್ಯಾಟರಿಗೆ ಇಳಿದಿದ್ದಾರೆ. ಹಳೆಯ ಮೊಬೈಲು, ಲ್ಯಾಪ್‌ಟಾಪುಗಳ ಬ್ಯಾಟರಿಯನ್ನು ಒಡೆದು ಅರೆದ ಕಪ್ಪು ಪುಡಿಯನ್ನು ಸಣ್ಣ ವ್ಯಾಪಾರಿಗಳಿಂದ ಕೊಂಡು ದೊಡ್ಡ ಕಾರ್ಖಾನೆಗೆ ಕಳಿಸುತ್ತಾರೆ. ಅಲ್ಲಿ ಅದರಿಂದ ಕೋಬಾಲ್ಟು, ನಿಕಲ್ಲು, ಲಿಥಿಯಂ ಬೇರ್ಪಡಿಸುತ್ತಾರಂತೆ. ಬಂದ ಪುಡಿಯಲ್ಲಿ ಕೋಬಾಲ್ಟಿನ ಪಾಲು ಎಷ್ಟಿದೆ ಎಂದು ಹೇಳುವವಳು ನನ್ನ ಮಗಳು. ಅವಳು ಬರೆದ ಅಂಕಿಯ ಮೇಲೆ ದರ ನಿಗದಿ.

ಅನಿಲ್ ಕುಮಾರ್ ಕಾಫಿ ಮುಟ್ಟದೆ ಹೇಳಿದರು: "ತಪ್ಪು ತಿಳ್ಕೋಬೇಡಿ ಸಾರ್. ಓಕಳಿಪುರದ ಒಬ್ಬ ಹೆಂಗಸಿನ ಮಾಲು ಮಾತ್ರ ಯಾವಾಗ್ಲೂ ಜಾಸ್ತಿ ತೋರ್ಸುತ್ತೆ. ಪಿಳ್ಳಮ್ಮ ಅಂತ. ಆರಾಧನಾ ಅವರು ಸ್ವಲ್ಪ ಮೆತ್ತಗಿನ ಮನಸ್ಸಿನವರು. ನೀವು ಅನುಭವಸ್ಥರು. ಒಂದ್ಸಲ ಕಣ್ಣಾಡಿಸಿ. ಅವರಿಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾರೆ."

ನನ್ನ ಮಗಳ ಮೇಲೆ ಅನುಮಾನ ಪಡುತ್ತೀರಾ ಎಂದು ನಾನು ಎದ್ದು ಬರಬೇಕಿತ್ತು. ಏಳಲಿಲ್ಲ. ಮೂವತ್ತನಾಲ್ಕು ವರ್ಷ ಚಿನ್ನ ಪರೀಕ್ಷೆ ಮಾಡಿದವನು ನಾನು. ತಾಯಿಯೇ ಒಡವೆ ತಂದುಕೊಟ್ಟರೂ ಒರೆಗೆ ಹಚ್ಚಿಯೇ ಮಾತಾಡಬೇಕು ಎನ್ನುವುದು ನನ್ನ ಕಸುಬು. ಪೇಟೆಯ ಅಂಗಡಿಗಳಿಗೆಲ್ಲ ಚಿನ್ನದ ಶುದ್ಧತೆ ಅಳೆಯುವ ಕ್ಯಾರೆಟ್ ಯಂತ್ರ ಬಂದ ಮೇಲೆ ನನ್ನ ಕಣ್ಣು ಯಾರಿಗೂ ಬೇಡವಾಗಿತ್ತು. ಇವತ್ತು ಒಬ್ಬರಿಗೆ ಬೇಕಾಯಿತು. ಒಪ್ಪಿಕೊಂಡೆ.

ಫೆಬ್ರವರಿ 5, ಬುಧವಾರ

ಹಳೆಯ ಅಂಗಡಿಯವರನ್ನು ನೋಡಿಬರುತ್ತೇನೆ ಎಂದು ಆಂಡಾಳ್‌ಗೆ ಹೇಳಿ, ಮಧ್ಯಾಹ್ನ ಮೂರಕ್ಕೆ ಹೊರಟೆ. ಆ ಹೊತ್ತಿಗೆ ಆರಾಧನಾ ವರದಿ ಬರೆಯಲು ಮಲ್ಲೇಶ್ವರದ ಆಫೀಸಿಗೆ ಹೋಗಿರುತ್ತಾಳೆ. ಗೋದಾಮು ಬಳೇಪೇಟೆಯಲ್ಲೇ, ನನ್ನ ಕೋಣೆಯಿಂದ ಎರಡು ಗಲ್ಲಿ ಆಚೆ. ಬಳೆ ಪೆಟ್ಟಿಗೆ ಹೇರಿದ ತಳ್ಳುಗಾಡಿಗಳ ನಡುವೆ ನುಸುಳಿಕೊಂಡು ಹೋಗುವಾಗ ಕಾಲು ತಾನಾಗಿ ನನ್ನ ಹಳೆಯ ಮೆಟ್ಟಿಲ ಕಡೆ ತಿರುಗಿತ್ತು.

ಕಾವಲುಗಾರ ನಾರಾಯಣಪ್ಪ ಬಾಗಿಲು ತೆಗೆದ. ಗೋಡೆಗೆ ಒರಗಿಸಿದ ದಪ್ಪ ಪ್ಲಾಸ್ಟಿಕ್ಕಿನ ಚೀಲಗಳು, ಪ್ರತಿಯೊಂದರ ಕುತ್ತಿಗೆಗೂ ಒಂದು ಚೀಟಿ. "ಗ್ಲೌಸ್ ಹಾಕ್ಕೊಳ್ಳಿ ಸ್ವಾಮಿ, ಮೇಡಂ ಬರಿಗೈಲಿ ಮುಟ್ಟೋಕೆ ಬಿಡಲ್ಲ" ಎಂದ. ಬೆರಳಿಗೆ ಅಡ್ಡ ಏನಾದರೂ ಇದ್ದರೆ ನನಗೆ ಏನೂ ತಿಳಿಯುವುದಿಲ್ಲ ಎಂದೆ. ಪಿಳ್ಳಮ್ಮನ ಚೀಲದ ಬಾಯಿ ಬಿಚ್ಚಿ ಮೇಲಿನಿಂದ ಒಂದು ಚಿಟಿಕೆ ತೆಗೆದೆ. ಮೂಲೆಯಲ್ಲಿದ್ದ ಯಂತ್ರ ನನ್ನ ಅಂಗಡಿ ಮುಚ್ಚಿಸಿದ ಜಾತಿಯದೇ. ಮೂರು ನಿಮಿಷ. ಕೋಬಾಲ್ಟು ಶೇಕಡಾ 19.3.

ಆರಾಧನಾ ರಿಜಿಸ್ಟರಿನಲ್ಲಿ ಅದೇ ಚೀಲಕ್ಕೆ ಬರೆದದ್ದು 26.8.

ಇನ್ನೊಂದು ಚಿಟಿಕೆ ತೆಗೆದೆ. 19.6. ಪಕ್ಕದ ಚೀಲ, 18.8. ಅವಳ ಅಂಕಿ 26.5. ಕೈತಪ್ಪು ಎಂದರೆ ಅರ್ಧ, ಮುಕ್ಕಾಲು ಆಗಬಹುದು. ಏಳು ಆಗುವುದಿಲ್ಲ. ಪುಡಿಯಲ್ಲಿ ಅಲ್ಯೂಮಿನಿಯಂ ಹಾಳೆಯ ಚೂರು, ಪ್ಲಾಸ್ಟಿಕ್ ಚೂರು ಬೆರಳಿಗೇ ಸಿಗುತ್ತಿದ್ದವು. ಇದನ್ನು ನೋಡಲು ಯಂತ್ರ ಬೇಕೆ?

ಫೆಬ್ರವರಿ 6, ಗುರುವಾರ

ಊಟಕ್ಕೆ ಅವರೆಕಾಳಿನ ಹುಳಿ. "ಯಾರು ತಂದದ್ದು?" ಎಂದೆ. "ಪಿಳ್ಳಮ್ಮ ಕೊಟ್ರಪ್ಪ. ಅವರ ತಮ್ಮನ ಹೊಲದ್ದು, ಕೊನೇ ಕುಯ್ಲು" ಎಂದಳು ಮಗಳು, ನನ್ನ ಮುಖವನ್ನು ನೇರವಾಗಿ ನೋಡಿ.

ಹೀಗೇ ಶುರುವಾಗುವುದು. ನನಗೂ ಒಂದು ಕಾಲದಲ್ಲಿ ದೀಪಾವಳಿಗೆ ಸಿಹಿ ಪೊಟ್ಟಣ ಕಳಿಸುತ್ತಿದ್ದರು. ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದೆ. ಇಪ್ಪತ್ತೊಂಬತ್ತು ವರ್ಷ ಈ ಮನೆಯಲ್ಲಿ ಬೆಳೆದವಳಿಗೆ ಅದು ಗೊತ್ತಿಲ್ಲವೆ? ಅವಳ ಫೋನು ಎರಡು ಸಲ ಹೊಡೆದುಕೊಂಡಿತು. ಎರಡು ಸಲವೂ ಹಜಾರಕ್ಕೆ ಹೋಗಿ ಮಾತಾಡಿದಳು.

ಹುಳಿ ಬೇಡವೆಂದೆ. ಆಂಡಾಳ್ ಕಾರಣ ಕೇಳಿದಾಗ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಬೇಕಾಯಿತು. ನನ್ನ ಉಗುರಿನ ಸಂದಿಯ ಕಪ್ಪನ್ನು ಅವಳು ನೋಡಿದಳು ಎಂದು ಕಾಣುತ್ತದೆ. ಏನೂ ಕೇಳಲಿಲ್ಲ. ಕೇಳದಿರುವುದೂ ಒಂದು ಲಕ್ಷಣವೇ.

ಫೆಬ್ರವರಿ 13, ಗುರುವಾರ

ಎಂಟು ಲಾಟು ನೋಡಿದ್ದಾಯಿತು. ಎಂಟರಲ್ಲೂ ಅದೇ ಕಥೆ. ಬೇರೆ ವ್ಯಾಪಾರಿಗಳ ಮಾಲನ್ನು ನೋಡಲೇ ಎಂದು ಕೇಳಿದ್ದಕ್ಕೆ "ಸದ್ಯಕ್ಕೆ ಬೇಡ ಸಾರ್, ಇದು ಸಾಕು" ಎಂದರು ಅನಿಲ್ ಕುಮಾರ್.

ಇವತ್ತು ಓಕಳಿಪುರಕ್ಕೇ ಹೋಗಿ ನೋಡಿದೆ. ಶೀಟು ಹೊದಿಸಿದ ಶೆಡ್ಡು. ಒಳಗೆ ಏಳು ಹೆಂಗಸರು ಸಾಲಾಗಿ ಕೂತು ಮೊಬೈಲ್ ಬ್ಯಾಟರಿ ವಿಂಗಡಿಸುತ್ತಿದ್ದರು. ಊದಿಕೊಂಡವು ಒಂದು ಕಡೆ ಮರಳಿನ ಬುಟ್ಟಿಗೆ, ಉಳಿದವು ಉಪ್ಪುನೀರಿನ ಡ್ರಮ್ಮಿಗೆ. ಅಲ್ಲಿ ನೆನೆದು ಪೂರ್ತಿ ಸತ್ತ ಮೇಲೆ ಕಾಮಾಕ್ಷಿಪಾಳ್ಯದ ಲೈಸೆನ್ಸ್ ಇರುವ ಗಿರಣಿಗೆ ಹೋಗುತ್ತವಂತೆ. ಹಳೆಯ ಬ್ಯಾಟರಿ ಕೊಡುವವನಂತೆ ಮಾತು ತೆಗೆದೆ.

ಅವರಲ್ಲಿ ಪಿಳ್ಳಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. "ಊದಿರೋದು ಇದ್ರೆ ಜೇಬಲ್ಲಿ ಇಟ್ಕಂಡು ಬರ್ಬೇಡಿ ಸ್ವಾಮಿ. ಫೋನ್ ಮಾಡಿ, ನಾವೇ ಮರಳು ತಕ್ಕಂಡ್ ಬತ್ತೀವಿ" ಎಂದಳು.

"ಪುಡೀನ ಯಾರು ಕೊಳ್ತಾರೆ?"

"ಬಳೇಪ್ಯಾಟೆ ಕಂಪ್ನಿ. ಅಲ್ಲಿ ಒಬ್ರು ಮೇಡಂ ಅವ್ರೆ. ಅವ್ರು ಬಂದ್‌ಮ್ಯಾಕೆ ನಮ್ಗೆ ನ್ಯಾಯವಾದ್ ಬೆಲೆ."

ಪಕ್ಕದಲ್ಲಿದ್ದ ಬಸವಮ್ಮ ಎಂಬ ಮುದುಕಿ ತಲೆಯೆತ್ತದೆ ಹೇಳಿದಳು: "ಆ ಮಗೀನ್ ಹೊಟ್ಟೆ ತಣ್ಣಗಿರ್ಲಿ."

ಅವರ ಬಾಯಿಂದಲೇ ಬಂತು. ಅವಳು ಬಂದ ಮೇಲೆ. ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಹೆಂಗಸರೆಲ್ಲರ ಕೈಯಲ್ಲೂ ಹೊಸ ಗ್ಲೌಸ್ ಇತ್ತು. ಅದನ್ನು ಕೊಟ್ಟವರು ಯಾರು ಎಂದು ಕೇಳಬೇಕಿತ್ತು, ಮರೆತೆ.

ಫೆಬ್ರವರಿ 19, ಬುಧವಾರ

ಹನ್ನೊಂದು ಲಾಟುಗಳ ವರದಿ ಬರೆದು ಸಹಿ ಹಾಕಿ ಕೊಟ್ಟೆ. "ಲೋಹದ ಹಾಳೆ, ಪ್ಲಾಸ್ಟಿಕ್ ಬೆರೆಸಿದಂತೆ ಕಾಣುತ್ತದೆ. ಈ ಹಿಂದೆ ದಾಖಲಾದ ಅಂಕಿಗಳು ವಿಶ್ವಾಸಾರ್ಹವಲ್ಲ." ಮಗಳ ಹೆಸರು ಬರೆಯಲಿಲ್ಲ. ಅಷ್ಟು ಸಂಯಮ ಇತ್ತು.

ಅನಿಲ್ ಕುಮಾರ್ ಎದ್ದು ನಿಂತು ಕಾಗದ ತೆಗೆದುಕೊಂಡರು. "ಇಂಥ ಕಾಲ್ದಲ್ಲಿ ಇಷ್ಟು ನಿಷ್ಠುರವಾಗಿರೋರು ಎಲ್ಲಿ ಸಿಗ್ತಾರೆ ಸಾರ್?" ಎಂದರು. ಪರೀಕ್ಷೆ ಹೇಗೆ ಮಾಡಿದಿರಿ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಂಬಿಕೆ ಎಂದರೆ ಅದು.

ಫೆಬ್ರವರಿ 21, ಶುಕ್ರವಾರ

ಇವತ್ತು ಆದದ್ದನ್ನು ಆದಂತೆ ಬರೆಯುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಗೋದಾಮಿಗೆ ಬನ್ನಿ ಎಂದಿದ್ದರು. ಒಳಗೆ ಕಾಲಿಟ್ಟರೆ ಪಿಳ್ಳಮ್ಮ, ಬಸವಮ್ಮ, ಅವರ ಹಿಂದೆ ಉಳಿದ ಐದೂ ಹೆಂಗಸರು. ಒಂದು ಪಕ್ಕ ಆರಾಧನಾ, ಕೈಯಲ್ಲಿ ಉದ್ದನೆಯ ಸ್ಟೀಲು ಕೊಳವೆ. ನನ್ನನ್ನು ನೋಡಿ, ಮನೆಯಲ್ಲಿ ಏನೋ ಆಗಿದೆಯೆಂದು ಗಾಬರಿಯಾಗಿ "ಅಮ್ಮ ಹುಷಾರಾಗಿದಾರಾ?" ಎಂದಳು.

ಅನಿಲ್ ಕುಮಾರ್ ಹೇಳಿದರು: "ಅಮ್ಮ ಚೆನ್ನಾಗಿದಾರೆ. ಪಿಳ್ಳಮ್ಮ, ನಿಮ್ಮ ಮಾಲನ್ನ ಟೆಸ್ಟ್ ಮಾಡಿದ್ದು ಇವ್ರೇ. ಸ್ವಂತ ಮಗಳ ಅಂಕಿ ಸುಳ್ಳು ಅಂತ ತಂದೇನೇ ಬರ್ಕೊಟ್ಟಿದಾರೆ. ಇದಕ್ಕಿಂತ ಸಾಕ್ಷಿ ಬೇಕಾ?" ನನ್ನ ವರದಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಬೆರೆಸಿದಂತೆ ಕಾಣುತ್ತದೆ ಎಂದು ನಾನು ಬರೆದದ್ದನ್ನು "ಬೆರೆಸಿದ್ದಾರೆ" ಎಂದು ಓದಿದರು.

"ಬೆರ್ಸಿದ್ವಾ?" ಎಂದಳು ಪಿಳ್ಳಮ್ಮ. ಕೂಗಲಿಲ್ಲ. ತಿರುಗಿ ತನ್ನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ನನ್ನನ್ನು. "ನೀವು ಅವತ್ತು ಶೆಡ್‌ಗೆ ಬಂದಿದ್ರಲ್ಲ ಸ್ವಾಮಿ. ನೀರು ಕೊಟ್ಟಿದ್ದೆ."

ಆರಾಧನಾ ನನ್ನ ಹತ್ತಿರ ಬಂದಳು. "ಎಲ್ಲಿಂದ ತೆಗೆದ್ರಿ ಅಪ್ಪ?"

"ಚೀಲದಿಂದ."

"ಚೀಲದಲ್ಲಿ ಎಲ್ಲಿಂದ?"

ಸಿಕ್ಕಿಬಿದ್ದವರು ಹೀಗೇ ಪ್ರಶ್ನೆ ತಿರುಗಿಸುತ್ತಾರೆ. ಎಷ್ಟು ಜನರನ್ನು ನೋಡಿಲ್ಲ ನಾನು. "ನನಗೆ ಪರೀಕ್ಷೆ ಹೇಳಿಕೊಡಬೇಡ" ಎಂದೆ. ಅವಳು ಕೊಳವೆಯನ್ನು ಮೇಜಿನ ಮೇಲಿಟ್ಟು, ಗ್ಲೌಸ್ ಕಳಚಿ ಅದರ ಪಕ್ಕದಲ್ಲಿಟ್ಟು ಹೊರಗೆ ಹೋದಳು. ಇನ್ನು ಬರಬೇಡಿ ಎಂದು ಅನಿಲ್ ಕುಮಾರ್ ಅವಳ ಬೆನ್ನಿಗೆ ಹೇಳಿದರು.

ಫೆಬ್ರವರಿ 23, ಭಾನುವಾರ

ಆರಾಧನಾ ಕುಮಾರ ಪಾರ್ಕಿನಲ್ಲಿರುವ ಗೆಳತಿ ಯಶಶ್ರೀಯ ಮನೆಗೆ ಹೋಗಿದ್ದಾಳೆ. ಒಂದು ಸೂಟ್‌ಕೇಸು. ಆಂಡಾಳ್ ನನಗೆ ತಟ್ಟೆ ಹಾಕಿ ಅಡುಗೆಮನೆಯಲ್ಲೇ ಊಟ ಮಾಡುತ್ತಾಳೆ.

ಮಾರ್ಚ್ 3, ಸೋಮವಾರ

ಮಗಳ ಜಾಗದಲ್ಲಿ ಈಗ ನಾನೇ ಕೂತಿದ್ದೇನೆ. ಹೊಸಬರು ಸಿಗುವವರೆಗೆ ಮಾತ್ರ ಎಂದಿದ್ದಾರೆ.

ಕಲಬೆರಕೆ ಎಂಬ ಸುದ್ದಿ ಹಬ್ಬಿದ್ದರಿಂದ ಪಿಳ್ಳಮ್ಮನ ಮಾಲನ್ನು ಬೇರೆ ಯಾರೂ ಮುಟ್ಟುತ್ತಿಲ್ಲವಂತೆ. ಹಾಗಾಗಿ ಇಲ್ಲಿಗೇ, ನನ್ನ ಅಂಕಿಯ ದರಕ್ಕೇ ತಂದು ಹಾಕುತ್ತಾಳೆ. ಇವತ್ತಿನ ಎರಡು ಲಾಟು 19.1, 18.7. ಸಿಕ್ಕಿಬಿದ್ದ ಮೇಲೂ ಬೆರೆಸುತ್ತಿದ್ದಾಳೆಂದರೆ ಎಂಥ ಧೈರ್ಯ. ಅಥವಾ ಅವಳಿಗೆ ಗೊತ್ತಿಲ್ಲದೆ ದಾರಿಯಲ್ಲಿ ಯಾರೋ ಬೆರೆಸುತ್ತಾರೆಯೆ? ಹಾಗಾದರೆ ಯಾರು? ಗಿರಣಿಯವನೇ, ಗೂಡ್ಸ್ ಆಟೋ ಓಡಿಸುವ ಶಿವಲಿಂಗಯ್ಯನೇ, ತಳ್ಳುಗಾಡಿಯವನೇ, ನಾರಾಯಣಪ್ಪನೇ?

ಇದನ್ನು ಬಿಡುವುದಿಲ್ಲ. ಮುಂದಿನ ಲಾಟಿಗೆ ನಾನೇ ಗಿರಣಿಗೆ ಹೋಗುತ್ತೇನೆ. ನನ್ನ ಕಣ್ಣೆದುರು ತುಂಬಿಸಿ, ನನ್ನ ಮೊಹರು ಹಾಕಿ, ಚೀಲದ ಜೊತೆಯಲ್ಲೇ ಬರುತ್ತೇನೆ. ಯಾರ ಕೈ ಎನ್ನುವುದು ಗೊತ್ತಾಗಲೇಬೇಕು.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಎಂಟಕ್ಕೇ ಕಾಮಾಕ್ಷಿಪಾಳ್ಯದಲ್ಲಿದ್ದೆ. ಅರಗು, ಚಿನ್ನದ ಪೊಟ್ಟಣಗಳಿಗೆ ಒತ್ತುತ್ತಿದ್ದ ಹಿತ್ತಾಳೆ ಮೊಹರು, ಮಾದರಿಗೆ ಮಡಿಸಿದ ಕಾಗದ, ಎಲ್ಲ ಚೀಲದಲ್ಲಿ. ಪಿಳ್ಳಮ್ಮ ಗಿರಣಿಯ ಬಾಗಿಲಲ್ಲೇ ನಿಂತಿದ್ದಳು. ನನ್ನ ಉದ್ದೇಶ ಹೇಳಿದೆ. ಮುಚ್ಚುಮರೆ ಮಾಡಲಿಲ್ಲ.

"ಆಗ್ಲಿ ಸ್ವಾಮಿ" ಎಂದಳು. "ಪಕ್ಕದಾಗ್ ಯಾಕೆ, ಚೀಲದ ಮ್ಯಾಲೇ ಕೂತ್ಕಂಡು ಹೋಗಿ. ಆಮ್ಯಾಕೆ ಯಾರ್ ಮ್ಯಾಲೂ ಹೇಳಂಗಿರಲ್ಲ."

ಗಿರಣಿಯ ಬಾಯಿಂದ ಪುಡಿ ಹೊಸ ಚೀಲಕ್ಕೆ ಬಿತ್ತು. ಚೀಲವನ್ನು ನಾನೇ ಕೊಡವಿ, ಖಾಲಿ ಎಂದು ನೋಡಿ ಕೊಟ್ಟಿದ್ದೆ. ತುಂಬಿದ ತಕ್ಷಣ ಮೇಲಿನಿಂದ ಒಂದು ಚಿಟಿಕೆ, ಕಾಗದದಲ್ಲಿ ಕಟ್ಟಿ, ಮೇಲೆ 'ಒಂದು' ಎಂದು ಬರೆದು ಅಂಗಿಯ ಒಳಜೇಬಿಗೆ. ಚೀಲದ ಬಾಯಿಗೆ ಎರಡು ಸುತ್ತು ದಾರ, ಅರಗು, ಮೊಹರು. ಶಿವಲಿಂಗಯ್ಯನ ಆಟೋದ ಹಿಂಭಾಗದಲ್ಲಿ ನಿಜವಾಗಿಯೂ ಅದರ ಮೇಲೇ ಕೂತೆ. ಮಾಗಡಿ ರಸ್ತೆಯ ಗುಂಡಿಗಳಲ್ಲಿ ಸೊಂಟ ಕಳಚಿ ಬಂದಂತಾಯಿತು. ಸಿಗ್ನಲ್ಲಿನಲ್ಲಿ ಸ್ಕೂಟರಿನವರು ನನ್ನನ್ನು ನೋಡಿ ನಕ್ಕರು. ಶಿವಲಿಂಗಯ್ಯ "ಮುಂದೆ ಬನ್ನಿ ಸ್ವಾಮಿ, ಸೀಟಿದೆ" ಎಂದು ಎರಡು ಸಲ ಕರೆದ. ಹೋಗಲಿಲ್ಲ. ಅವನಿಗೆ ನಾನು ಮುಂದೆ ಬರುವುದು ಯಾಕೆ ಅಷ್ಟು ಬೇಕಿತ್ತು?

ಪೇಟೆಯೊಳಗೆ ತಳ್ಳುಗಾಡಿಗೆ ಬದಲಾಯಿಸಿದಾಗ ಕೈ ಮೊಹರಿನ ಮೇಲೇ ಇಟ್ಟುಕೊಂಡು ನಡೆದೆ. ಕಲ್ಲುಹಾಸಿನ ಮೇಲೆ ಗಾಡಿ ಗಡಗಡ ಎಂದು ಕುಲುಕುತ್ತಿತ್ತು. ಗೋದಾಮಿನಲ್ಲಿ ನಾರಾಯಣಪ್ಪನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಮೊಹರು ಹಾಕಿದಂತೆಯೇ ಇತ್ತು. ಒಡೆದೆ. ಮೇಲಿನಿಂದ ಒಂದು ಚಿಟಿಕೆ, 'ಎರಡು'.

ಒಂದು: 26.4.

ಎರಡು: 18.9.

ಮಾರ್ಚ್ 8, ಶನಿವಾರ

ಯಂತ್ರ ಕೆಟ್ಟಿರಬೇಕು ಎಂದುಕೊಂಡೆ. ಕಂಪನಿ ಕೊಟ್ಟ, ಅಂಕಿ ಮೊದಲೇ ಗೊತ್ತಿರುವ ಬಿಲ್ಲೆ ಇಟ್ಟು ನೋಡಿದೆ. ಸರಿಯಾಗಿ ಹೇಳುತ್ತದೆ.

ಮಾರ್ಚ್ 10, ಸೋಮವಾರ

ಗಿರಣಿಯವನು ಮೇಲೆ ಮಾತ್ರ ಒಳ್ಳೆಯ ಪುಡಿ ಸುರಿದಿರಬಹುದು. ಆದರೆ ಹಾಗಿದ್ದರೆ ಇಲ್ಲಿಯೂ ಮೇಲೆ ಒಳ್ಳೆಯದೇ ಇರಬೇಕಿತ್ತಲ್ಲ.

ಮಾರ್ಚ್ 11, ಮಂಗಳವಾರ

ಮೊಹರು ನಕಲಿ ಮಾಡಿಸಿರಬಹುದೆ? ನಾನೇ ಅದರ ಮೇಲೆ ಕೂತಿದ್ದೆ. ಎದ್ದಿಲ್ಲ. ನಿದ್ದೆ ಮಾಡಿಲ್ಲ. ಆ ಚೀಲದ ಹತ್ತಿರ ಬಂದ ಕೈ ಒಂದೇ ಒಂದು.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಅದೇ ಚೀಲವನ್ನು ತೆಗೆದುಕೊಂಡೆ. ಮೇಜಿನ ಮೇಲೆ ಆರಾಧನಾ ಬಿಟ್ಟುಹೋದ ಸ್ಟೀಲು ಕೊಳವೆ ಇತ್ತು. ಮೇಲಿಂದ ತಳದವರೆಗೆ ಚುಚ್ಚಿ ತಿರುಗಿಸಿದರೆ ಎಲ್ಲ ಪದರದಿಂದಲೂ ಪುಡಿ ತುಂಬಿಕೊಳ್ಳುವ ಹಾಗೆ ಪಕ್ಕದಲ್ಲಿ ಸೀಳು. ಇಷ್ಟು ದಿನ ಅದನ್ನು ನೋಡಿಯೂ ನೋಡಿರಲಿಲ್ಲ. ಕೈಗೆ ಗ್ಲೌಸ್ ಹಾಕಿಕೊಂಡೆ. ಅವು ಅವಳವು, ಬಿಗಿಯಾದವು.

ಮೇಲೆ 18.9. ನಡುವೆ 26.2. ತಳದಲ್ಲಿ 31.

ಟಾರ್ಪಾಲು ಹಾಸಿ ಚೀಲವನ್ನು ಉದ್ದುದ್ದಕ್ಕೆ ಕೊಯ್ದೆ. ಹೇಳುವವರು ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಮೇಲೆಲ್ಲ ಹೊಳೆಯುವ ಹಾಳೆಯ ಚೂರು, ಪ್ಲಾಸ್ಟಿಕ್ ಚೂರು. ಕೆಳಕ್ಕೆ ಹೋದಂತೆ ಕಾಡಿಗೆಯಷ್ಟು ನುಣ್ಣಗೆ. ದಾರಿಯ ಕುಲುಕಾಟಕ್ಕೆ ನುಣುಪು ಪುಡಿ ಸಂದುಗಳಲ್ಲಿ ಇಳಿದು, ದಪ್ಪ ಚೂರು ಮೇಲಕ್ಕೆ ಬಂದಿದೆ. ಆ ಚೂರುಗಳು ಬ್ಯಾಟರಿಯೊಳಗೇ ಇರುವಂಥವು. ಯಾರೂ ತಂದು ಬೆರೆಸಿದ್ದಲ್ಲ.

ಎಲ್ಲವನ್ನೂ ಗುದ್ದಲಿಯಿಂದ ಕಲಸಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಉಳಿಸಿಕೊಂಡು ಮತ್ತೆ ಕಲಸಿ, ಮತ್ತೆ ನಾಲ್ಕು ಪಾಲು ಮಾಡಿ, ಕೊನೆಗೆ ಉಳಿದ ಹಿಡಿಯನ್ನು ಯಂತ್ರಕ್ಕಿಟ್ಟೆ. 26.6. ನನ್ನ ಮಗಳ ಅಂಕಿ.

ಕರಗಿದ ಚಿನ್ನಕ್ಕೆ ಮೇಲು ಕೆಳಗು ಎಂಬುದಿಲ್ಲ. ಗಟ್ಟಿಯ ಯಾವ ಮೂಲೆಯಿಂದ ಕೆರೆದರೂ ಅದೇ ಚಿನ್ನ. ಮೂವತ್ತನಾಲ್ಕು ವರ್ಷ ನನಗೆ ಎಲ್ಲಿಂದ ಎಂದು ಯೋಚಿಸುವ ಅಗತ್ಯವೇ ಬಂದಿರಲಿಲ್ಲ. ಇದು ಕಾರಣ. ಕ್ಷಮೆಯಲ್ಲ. ಅವಳು ಕೇಳಿದ್ದಳು.

ಮಾರ್ಚ್ 17, ಸೋಮವಾರ

ಅನಿಲ್ ಕುಮಾರ್ ಅವರನ್ನು ಮಲ್ಲೇಶ್ವರದ ಆಫೀಸಿನಲ್ಲಿ ಕಂಡೆ. ನನ್ನ ಹನ್ನೊಂದು ವರದಿಗಳೂ ತಪ್ಪು, ಆಮೇಲಿನವೂ ತಪ್ಪು, ಪಿಳ್ಳಮ್ಮನನ್ನು ಕರೆಸಿ ಸರಿಪಡಿಸಬೇಕು, ಆರಾಧನಾಗೆ ಪತ್ರ ಕೊಡಬೇಕು ಎಂದೆ. ಹೇಳುವಾಗ ಅವರಿಗೆ ಆಘಾತವಾಗುತ್ತದೆ, ಅವರನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ.

ಅವರು ಕುರ್ಚಿಯನ್ನು ಹಿಂದಕ್ಕೆ ಒರಗಿಸಿದರು. "ತಪ್ಪು ಅಂತ ಯಾಕೆ ಅಂತೀರ ಸಾರ್? ಆರಾಧನಾ ಅವರು ಕೊಳವೆ ಹಾಕಿ ತಳದ್ದೂ ತೆಗೀತಾರೆ. ನೀವು ಮೇಲಿಂದ ಚಿಟಿಕೆ ತೆಗೀತೀರ. ಎರಡೂ ಅದೇ ಚೀಲದ್ದೇ. ನಮಗೆ ನಿಮ್ಮ ವಿಧಾನ ಒಪ್ಪಿಗೆ."

"ಕಾರ್ಖಾನೆಯವರ ರಿಪೋರ್ಟಿನಲ್ಲಿ ಎಷ್ಟು ಬರ್ತಿದೆ?"

"ಅದು ನನಗೂ ಅವರಿಗೂ ಇರೋ ವಿಷಯ. ಮಾಮೂಲಿ ಬರ್ತಿದೆ."

ಮೆಟ್ಟಿಲಿಳಿದು ಎಂಟನೇ ಕ್ರಾಸಿನವರೆಗೆ ನಡೆದ ಮೇಲೆ ತಟ್ಟನೆ ಹೊಳೆಯಿತು. ನಾನು ಮೇಲಿನಿಂದ ತೆಗೆಯುತ್ತೇನೆ ಎಂದು ಅವರಿಗೆ ಯಾವತ್ತೂ ಹೇಳಿಲ್ಲ. ಅವರು ಕೇಳಿಯೂ ಇಲ್ಲ. ಬರಿಗೈಯಲ್ಲಿ ಒಂದು ಚಿಟಿಕೆ ತೆಗೆದು ನೋಡುವ ಮುದುಕನೊಬ್ಬ ಇದ್ದಾನೆ ಎಂದು ತಿಳಿದುಕೊಂಡೇ ಹುಡುಕಿ ಬಂದಿದ್ದರು. ಪಿಳ್ಳಮ್ಮನಿಗೆ ಹತ್ತೊಂಬತ್ತರ ದರ ಕೊಟ್ಟು, ಕಾರ್ಖಾನೆಯಿಂದ ಇಪ್ಪತ್ತಾರರ ದರ ಪಡೆಯಲು. ಹೋಟೆಲಿನ ಮೊದಲ ದಿನದಿಂದ ಮಗಳನ್ನು, ಅವಳ ಫೋನನ್ನು, ಅವರೆಕಾಳನ್ನು, ಬಸವಮ್ಮನ ಹಾರೈಕೆಯನ್ನು, ಆಟೋದವನ ಸೀಟನ್ನು, ಎಲ್ಲವನ್ನೂ ಒರೆಗೆ ಹಚ್ಚಿದೆ. ನನ್ನನ್ನು ಸಾರ್ ಎಂದ ಒಬ್ಬನನ್ನು ಬಿಟ್ಟು.

ಮಾರ್ಚ್ 19, ಬುಧವಾರ

ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಪ್ರತಿ ಸಲವೂ "ವಿಧಾನದಲ್ಲಿನ ವ್ಯತ್ಯಾಸದಿಂದ", "ಸಾರಿಗೆಯಲ್ಲಿ ಉಂಟಾದ" ಎಂದೆಲ್ಲ ಬರುತ್ತಿತ್ತು. ಕಸದ ಬುಟ್ಟಿಯಿಂದ ಒಂದು ಚೂರು ಎತ್ತಿ ಆಂಡಾಳ್ ಓದಿದಳು. ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಮೊದಲ ಸಲ ನನ್ನ ಎದುರು ಕೂತಳು.

"ಬೆರಳಲ್ಲಿ ಕಪ್ಪು ಇಟ್ಕೊಂಡು ಹಳೇ ಅಂಗಡಿಗೆ ಹೋಗಿದ್ದೆ ಅಂದ್ರಲ್ಲ, ಅವತ್ತೇ ನಂಗೊತ್ತಿತ್ತು" ಎಂದಳು. "ಮಗಳ ಬಟ್ಟೆಯ ಕಪ್ಪು ಒಗೆಯೋಳು ನಾನು. ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ವಾ? ಕೇಳಿದ್ರೆ ನನ್ನ ಮೇಲೂ ಅನುಮಾನ ಪಡ್ತೀರಿ ಅಂತ ಸುಮ್ಮನಿದ್ದೆ. ಅದು ನಂದೂ ತಪ್ಪೇ."

"ಹೇಗೆ ಬರೀಲಿ?"

"ನೀವು ಏನು ಮಾಡಿದ್ರೋ ಅದನ್ನ ಬರೀರಿ. ನಿಮಗೆ ಗೊತ್ತಿರೋ ಸಣ್ಣ ಮಾತಲ್ಲಿ."

ಐದನೆಯ ಸಲ ಆರು ಸಾಲಿನಲ್ಲಿ ಮುಗಿಯಿತು.

ಮಾರ್ಚ್ 22, ಶನಿವಾರ

ಕುಮಾರ ಪಾರ್ಕಿಗೆ ಹೋದೆ. ಯಶಶ್ರೀ ಬಾಗಿಲು ತೆಗೆದು, ಒಳಗೆ ಹೋಗಿ ಅವಳನ್ನು ಕಳಿಸಿದಳು. ಮಗಳು ತೆಳ್ಳಗಾಗಿದ್ದಾಳೆ. ಎರಡು ಲ್ಯಾಬುಗಳಲ್ಲಿ ಸಂದರ್ಶನಕ್ಕೆ ಕರೆದು, ಆಮೇಲೆ ಬೇಡವೆಂದರಂತೆ. ಹಿಂದಿನ ಕಂಪನಿಯಲ್ಲಿ ವಿಚಾರಿಸಿದೆವು ಎಂದರಂತೆ.

ಪತ್ರ ಕೊಟ್ಟೆ. ನಿಂತುಕೊಂಡೇ ಓದಿದಳು. ಮಡಿಸಿ ವಾಪಸು ಕೊಟ್ಟಳು.

"ಕೇಳಿದ್ರೆ ಕೊಳವೆ ಹೇಗೆ ಹಾಕೋದು ಅಂತ ತೋರಿಸ್ತಿದ್ದೆ ಅಪ್ಪ. ಎರಡು ನಿಮಿಷದ ಕೆಲಸ."

"ಗೊತ್ತು."

"ನಿಮಗೆ ಪುಡಿ ಗೊತ್ತಿಲ್ಲದೆ ಇದ್ದಿದ್ದು ನನಗೆ ಬೇಜಾರಿಲ್ಲ. ನಾನು ಗೊತ್ತಿದ್ನಲ್ಲ."

ಪತ್ರವನ್ನು ಜೇಬಿಗಿಟ್ಟುಕೊಂಡೆ. ಅವಳೇ ಮುಂದುವರಿಸಿದಳು. ಪಿಳ್ಳಮ್ಮನ ಶೆಡ್ಡಿನಲ್ಲಿ ನಾಲ್ಕು ಹೆಂಗಸರನ್ನು ಕೆಲಸದಿಂದ ಬಿಡಿಸಬೇಕಾಯಿತಂತೆ. ಪೀಣ್ಯದಲ್ಲಿ ಹೊಸಬರೊಬ್ಬರು ಮಾಲು ನೋಡುತ್ತೇವೆ ಎಂದಿದ್ದಾರೆ, ಆದರೆ ಕಲಬೆರಕೆಯ ಮಾತು ಇತ್ಯರ್ಥವಾಗಬೇಕು ಎಂದಿದ್ದಾರೆ. "ಈ ಪೇಪರ್ ನನಗೆ ಯಾಕೆ ತಂದ್ರಿ? ಮೊದಲು ಅಲ್ಲಿಗೆ ಹೋಗಿ."

ಮಧ್ಯಾಹ್ನ ಅನಿಲ್ ಕುಮಾರ್ ಫೋನು. ನಾನು ಗೋದಾಮಿನ ಕೀಲಿಯ ಜೊತೆ ಪತ್ರದ ಒಂದು ಪ್ರತಿಯನ್ನು ನಾರಾಯಣಪ್ಪನ ಕೈಗೆ ಕೊಟ್ಟು ಬಂದಿದ್ದೆ. "ಸಾರ್, ನೀವು ಬೇಜವಾಬ್ದಾರಿಯಿಂದ ಟೆಸ್ಟ್ ಮಾಡಿದ್ರಿ ಅಂತ ನಾನೇ ನಿಮ್ಮ ಮೇಲೆ ಕೇಸ್ ಹಾಕಬಹುದು, ಗೊತ್ತಾ?" ಹಾಕಿ, ಹೌದು ಎಂದು ಅಲ್ಲಿಯೂ ಹೇಳುತ್ತೇನೆ ಎಂದೆ. ಅವರು ಫೋನಿಟ್ಟರು.

ಮಾರ್ಚ್ 25, ಮಂಗಳವಾರ

ಓಕಳಿಪುರ. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಎಣಿಸಿದೆ, ಏಳು ಜೊತೆ, ಪಕ್ಕದಲ್ಲಿ ಮಗಳ ಶೂ ಇದ್ದವು. ಬಿಡಿಸಿದವರನ್ನೂ ಕರೆಸಿದ್ದಳು ಪಿಳ್ಳಮ್ಮ. ನಾನು ಬರುತ್ತೇನೆಂದು ಅವಳಿಗೆ ಹೇಳಿದ್ದು ಆರಾಧನಾ ಇರಬೇಕು. ಮಗಳು ಹಿಂದಿನ ಗೋಡೆಯ ಹತ್ತಿರ ಪೀಣ್ಯಕ್ಕೆ ಕಳಿಸುವ ಮಾದರಿಗಾಗಿ ಪುಡಿಯನ್ನು ನಾಲ್ಕು ಪಾಲು ಮಾಡುತ್ತಿದ್ದಳು. ತಲೆಯೆತ್ತಲಿಲ್ಲ.

ಪತ್ರವನ್ನು ಪಿಳ್ಳಮ್ಮನ ಕೈಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

"ನಾನು ಓದ್ಬಲ್ಲೆ ಸ್ವಾಮಿ. ಇವ್ರಿಗೆ ಓದಕ್ ಬರಲ್ಲ. ಅವತ್ತು ಬಳೇಪ್ಯಾಟೇಲಿ ಇವ್ರ ಮುಂದೆ ಓದಿದ್ರು ನಿಮ್ ಕಾಗ್ದಾನ. ಇದ್ನೂ ಇವ್ರ ಮುಂದೇನೇ ಓದಿ. ಆಮ್ಯಾಕೆ ಈಸ್ಕತೀನಿ."

ಹೆಂಗಸರು ಕೈಕೆಲಸ ನಿಲ್ಲಿಸಿದರು. ನಿಂತು ಓದಿದೆ. "ನಾನು, ಚಾಮರಾಜಪೇಟೆಯ ವರದರಾಜ, ಪಿಳ್ಳಮ್ಮನವರ ಶೆಡ್ಡಿನ ಕಪ್ಪು ಪುಡಿಯಲ್ಲಿ ಕಲಬೆರಕೆ ಇದೆ ಎಂಬ ಅರ್ಥ ಬರುವಂತೆ ಬರೆದುಕೊಟ್ಟೆ. ಅದು ಸುಳ್ಳು. ಪುಡಿಯಲ್ಲಿ ಏನನ್ನೂ ಬೆರೆಸಿರಲಿಲ್ಲ. ನಾನು ಚೀಲದ ಮೇಲಿನ ಚಿಟಿಕೆ ಮಾತ್ರ ನೋಡಿ ಇಡೀ ಚೀಲದ ಮಾತು ಹೇಳಿದೆ. ನನ್ನ ಮಗಳು ಆರಾಧನಾ ಬರೆದ ಅಂಕಿಗಳು ಸರಿ. ಈ ಶೆಡ್ಡಿನಲ್ಲಿ ಕೆಲಸ ಮಾಡುವ ಯಾರೂ ಮೋಸ ಮಾಡಿಲ್ಲ, ಮಾಡಿದ್ದಾರೆಂದು ಹೇಳಿದ್ದು ನನ್ನ ತಪ್ಪು."

ಆರು ಸಾಲು. ಮುಗಿಸಿ ಕಾಗದ ಮಡಿಸಿದೆ. ಅಷ್ಟರಲ್ಲಿ ಹಿಂದಿನ ಹಳಿಯ ಮೇಲೆ ರೈಲು ಬಂತು. ಶೆಡ್ಡಿನ ಶೀಟುಗಳೆಲ್ಲ ನಡುಗಿ ನಿಂತವು.

ಬಸವಮ್ಮ ಕಿವಿಗೆ ಕೈ ಹಿಡಿದಳು. "ರೈಲ್ ಬಂತಲ್ಲ ಸ್ವಾಮಿ. ನಂಗೇನೂ ಕೇಳಿಸ್ನಿಲ್ಲ. ಇನ್ನೊಂದ್ ಸರ್ತಿ ಓದಿ."

ರೈಲು ಬಂದದ್ದು ನಾನು ಓದಿ ಮುಗಿಸಿದ ಮೇಲೆ. ಅವಳು ನನ್ನ ಎದುರಿಗೇ, ನಾಲ್ಕು ಮಾರು ದೂರದಲ್ಲಿ ಕೂತಿದ್ದಳು. ಅವಳಿಗೆ ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ. ಹಿಂದಿನ ಗೋಡೆಯ ಹತ್ತಿರ ಸಲಿಕೆಯ ಸದ್ದು ನಿಂತಿತ್ತು.

ಕಾಗದವನ್ನು ಮತ್ತೆ ಬಿಚ್ಚಿ, ಮೊದಲ ಸಾಲಿನಿಂದ, ಸ್ವಲ್ಪ ಗಟ್ಟಿಯಾಗಿ ಓದಿದೆ.